ಮೂಗು ಕಳೆದುಕೊಂಡ ವರ್ಷ

ಹಾಲು ಉಕ್ಕಿ ಹರಿದು, ಪಾತ್ರೆಯ ತಳ ಹತ್ತಿ, ಅಡಿಗೆಮನೆಯಲ್ಲೆಲ್ಲ ಹೊಗೆ ತುಂಬುತ್ತಿದ್ದಾಗ ನಾನು ಸ್ಟೌವಿಗೆ ಬೆನ್ನು ಹಾಕಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮಹಡಿಯ ಕೋಣೆಯಲ್ಲಿದ್ದ ಮಗಳು ಓಡಿಬಂದಳು. “ಏನಮ್ಮಾ ಇದು, ಮೇಲಿನವರೆಗೂ ಸೀದ ವಾಸನೆ ಬರ್ತಾ ಇದೆ, ನಿಂಗೆ ಗೊತ್ತಾಗ್ಲಿಲ್ವಾ?” ನನಗೆ ಗೊತ್ತಾಗಿರಲಿಲ್ಲ. ಕೈಯಲ್ಲಿದ್ದ ಮೆಂತ್ಯದ ಸೊಪ್ಪನ್ನೇ ಮೂಗಿಗೆ ಹಿಡಿದು ನೋಡಿದೆ. ಏನೂ ಇಲ್ಲ. ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಅಲ್ಲೂ ಏನೂ ಇಲ್ಲ. ಇಂಗೇ ಸುಮ್ಮನಾದ ಮೇಲೆ ಅನುಮಾನಕ್ಕೆ ಎಡೆ ಎಲ್ಲಿಯದು? ಅದು 2021ರ ಮೇ ತಿಂಗಳ ಮೊದಲ ವಾರ.

ಆ ದಿನಗಳನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆಲ್ಲ ಬೀಗ ಬಿದ್ದಿತ್ತು. ನಮ್ಮ ಬಸವೇಶ್ವರನಗರದ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗಿಗಿಂತ ಆಂಬುಲೆನ್ಸಿನ ಕೂಗೇ ಹೆಚ್ಚು. ಸುಮನಹಳ್ಳಿಯ ಚಿತಾಗಾರ ನಮಗೆ ದೂರವೇನಲ್ಲ.

ಮನೆಯಲ್ಲಿ ಮೊದಲು ಮಲಗಿದವರು ನಮ್ಮ ಅತ್ತೆ. ಎಂಬತ್ತೊಂದು ವರ್ಷ. ನಾನು ಹಾಲು ಸೀಯಿಸುವುದಕ್ಕೆ ನಾಲ್ಕು ದಿನ ಮುಂಚೆ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಸಾರಿಗೆ ಏನೂ ಹಾಕ್ಲಿಲ್ವೇನೇ? ಮಣ್ಣು ತಿಂದ ಹಾಗಿದೆ” ಎಂದಿದ್ದರು. ಇಪ್ಪತ್ತೇಳು ವರ್ಷಗಳಿಂದ ನನ್ನ ಸಾರಿಗೊಂದು ಕೊರತೆ ಹೇಳುತ್ತ ಬಂದವರು ಅವರು. ಒಂದು ದಿನ ಹುಳಿ ಮುಂದು, ಇನ್ನೊಂದು ದಿನ ಬೇಳೆ ಹಿಂದು. ಇದೂ ಅದೇ ರಾಗವೆಂದು ನಾನು ಮಾತಾಡದೆ ತಟ್ಟೆ ಎತ್ತಿಕೊಂಡು ಹೋದೆ. ಸ್ವಲ್ಪ ಸದ್ದಾಗುವ ಹಾಗೆಯೇ ಎತ್ತಿಕೊಂಡೆ ಎನ್ನಬೇಕು.

ನನಗೆ ತಿಳಿಯದ ವಿಷಯವಾಗಿದ್ದರೆ ಬೇರೆ ಮಾತು. 2020ರ ಮಾರ್ಚ್‌ನಲ್ಲೇ ಇಂಗ್ಲೆಂಡಿನ ಕಿವಿ ಮೂಗು ಗಂಟಲಿನ ವೈದ್ಯರು, ಜ್ವರವಿಲ್ಲದೆ ಕೆಮ್ಮಿಲ್ಲದೆ ಬರೀ ವಾಸನೆ ಹೋದವರನ್ನೂ ಅನುಮಾನದಿಂದ ನೋಡಬೇಕೆಂದು ಹೇಳಿದ್ದರು. ನಮ್ಮ ಕೇಂದ್ರ ಆರೋಗ್ಯ ಇಲಾಖೆ ಆ ವರ್ಷದ ಜೂನ್ 13ರಂದು ವಾಸನೆ, ರುಚಿ ಹೋಗುವುದನ್ನು ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಜ್ವರ ಮೊದಲ ದಿನದಿಂದಲೂ ಪಟ್ಟಿಯಲ್ಲಿತ್ತು; ಮೂಗಿನ ಸರದಿ ಬರಲು ತಿಂಗಳುಗಳೇ ಹಿಡಿದವು. ಜ್ವರಕ್ಕೆ ಥರ್ಮಾಮೀಟರ್ ಉಂಟು. ಸಾರು ಸಪ್ಪೆ ಎನ್ನುವ ಮುದುಕಿಯ ಮಾತಿಗೆ ಯಾವ ಮೀಟರ್ ಇದೆ, ನೀವೇ ಹೇಳಿ. ಇದನ್ನೆಲ್ಲ ನಾನು ಪೇಪರಿನಲ್ಲಿ ಓದಿದ್ದೆ. ಆದರೂ ಆ ಮಾತು ನಮ್ಮ ಅತ್ತೆಯ ಬಾಯಿಂದ ಬಂದಾಗ ನನಗೆ ರೋಗ ಕಾಣಿಸಲಿಲ್ಲ, ಅತ್ತೆ ಕಾಣಿಸಿದರು.

ಹತ್ತು ದಿನ ಆಸ್ಪತ್ರೆಯಲ್ಲಿದ್ದು ಅವರು ತೀರಿಕೊಂಡರು. ನಾಲ್ಕು ದಿನ ಮುಂಚೆ ಪರೀಕ್ಷೆ ಮಾಡಿಸಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಆ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದರು. ಅವರು ಸಮಾಧಾನಕ್ಕೆ ಹೇಳಿದರೋ ನಿಜ ಹೇಳಿದರೋ, ನಾನು ಮತ್ತೆ ಕೇಳಲಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವಳು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದದ್ದು, ಅದಾದ ಮೇಲೆ ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದು, 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಬಳಲಿಸಿದ್ದು ಎಲ್ಲ ಪಾಠ ಮಾಡಿದ್ದೇನೆ. ನಾನು ಪಾಠ ಮಾಡಿದ ಪುಸ್ತಕಗಳಲ್ಲಿ ಸತ್ತವರ ಲೆಕ್ಕವಿತ್ತು. ಬದುಕಿದವರ ಬಾಯಿಗೆ ಊಟ ಹೇಗಿತ್ತು ಎಂಬುದು ಇರಲಿಲ್ಲ. ಹಳೆಯ ವೈದ್ಯರು ಈ ವಿಷಯದಲ್ಲಿ ವಾಸಿ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂಗಿನ ರೋಗಗಳೇ 31 ಇವೆ. ಮೊದಲು ಹೇಳಿರುವುದು ಅಪೀನಸ. ಅದು ಬಂದವನಿಗೆ ವಾಸನೆಯೂ ರುಚಿಯೂ ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಈಗಿನ ವಿಜ್ಞಾನ ಹೇಳುವುದೂ ಅದೇ ತಾನೆ? ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಎಂಬ ಇನ್ನೊಂದು. ಮಿಕ್ಕ ರುಚಿಯೆಲ್ಲ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಖಾರ ರುಚಿಯೇ ಅಲ್ಲ, ಉರಿ. ಆದ್ದರಿಂದ ಆ ತಿಂಗಳುಗಳಲ್ಲಿ ಬಿಸಿಬೇಳೆ ಬಾತ್ ನನ್ನ ಪಾಲಿಗೆ ಉಪ್ಪು, ಹುಳಿ, ಉರಿ. ಇಡ್ಲಿ ಎಂದರೆ ನೆನೆಸಿದ ಹತ್ತಿ. ನಾನು ಮಾಡಿದ್ದನ್ನು ನಮ್ಮ ಯಜಮಾನರು ಬಾಯಿಗಿಟ್ಟು ಸರಿಯಿದೆಯೋ ಇಲ್ಲವೋ ಹೇಳಬೇಕು. ಇದ್ದ ಒಬ್ಬ ಪರೀಕ್ಷಕರು ಹೋಗಿ ಇನ್ನೊಬ್ಬರು ಬಂದಂತಾಯಿತು.

ನಗುವ ವಿಷಯವಲ್ಲದ್ದೂ ಇತ್ತು. ಒಂದು ಸಂಜೆ ಗ್ಯಾಸ್ ಒಲೆಯ ತಿರುಪು ಅರ್ಧ ತಿರುಗಿಯೇ ಉಳಿದಿತ್ತು. ಅಡಿಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಗಬ್ಬುನಾತದ ಮರ್ಕಾಪ್ಟನ್ ಬೆರೆಸಿರುತ್ತಾರೆ. ಬೆರೆಸಿ ಏನು ಪ್ರಯೋಜನ? ದೇವರ ಮುಂದೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದಿದ್ದ ನನ್ನ ಕೈಯನ್ನು ಮಗಳು ಬಂದು ಹಿಡಿದಳು. ಅಂದಿನಿಂದ ರಾತ್ರಿ ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿ ನೋಡುವ ಅಭ್ಯಾಸ ಅಂಟಿಕೊಂಡಿದೆ, ಈಗಲೂ ಬಿಟ್ಟಿಲ್ಲ.

ಆದರೆ ನನ್ನ ನಿಜವಾದ ಭಯ ಬೀರುವಿನದು.

ಅದನ್ನು ಹೇಳಬೇಕಾದರೆ ಸೋಪಿನ ವಿಷಯ ಹೇಳಬೇಕು. ಮಾವನವರು ರಾಜಾಜಿನಗರದ ಸೋಪ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಈ ಕಾರ್ಖಾನೆಗೂ ಯುದ್ಧಕ್ಕೂ ನಂಟು. 1792ರಲ್ಲಿ ಟಿಪ್ಪು ಸುಲ್ತಾನ್ ರಾಜವೃಕ್ಷವೆಂದು ಸಾರಿದ ಮೇಲೆ ಮೈಸೂರು ಸೀಮೆಯ ಗಂಧದ ಮರವೆಲ್ಲ ಸರ್ಕಾರದ ಸೊತ್ತು. ಮರ ಇಲ್ಲಿಂದ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಹಡಗುಗಳು ನಿಂತಾಗ ಗಂಧದ ಕೊರಡು ಗೋದಾಮಿನಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ, ವಾಟ್ಸನ್ ಎಂಬ ಪ್ರೊಫೆಸರುಗಳ ನೆರವಿನಿಂದ ಇಲ್ಲೇ ಎಣ್ಣೆ ಇಳಿಸಿದರು. ಆಮೇಲೆ ಎಸ್. ಜಿ. ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರು ಆ ಎಣ್ಣೆಯಿಂದ ಸೋಪು ಮಾಡುವ ಹದ ಕಂಡುಕೊಂಡರು. ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾದದ್ದು 1918ರಲ್ಲಿ, ಅಂದರೆ ಆ ಇನ್‌ಫ್ಲುಯೆಂಜಾ ಬಂದ ವರ್ಷವೇ. 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. 2014ರಲ್ಲಿ ಮೆಟ್ರೋ ರೈಲು ಬಂದಾಗ ಅಲ್ಲಿನ ನಿಲ್ದಾಣಕ್ಕೂ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರಿಟ್ಟರು. ಮೊದಲ ಮಹಾಯುದ್ಧದ ಪರಿಣಾಮಗಳನ್ನು ಅಂಕಿ ಹಾಕಿ ಬರೆಸುತ್ತಿದ್ದ ನಾನು ಮಕ್ಕಳು ದಿನಾ ಬೆಳಿಗ್ಗೆ ಮೈಗೆ ಹಚ್ಚಿಕೊಳ್ಳುವ ಈ ಪರಿಣಾಮವನ್ನು ಒಂದು ಸಲವೂ ಹೇಳಿರಲಿಲ್ಲ!

ಇರಲಿ. ಮಾವನವರು ಸೈಕಲ್ಲಿನಲ್ಲಿ ಬಂದು ಗೇಟು ತೆಗೆಯುವ ಮೊದಲೇ ಅವರು ಬಂದದ್ದು ಒಳಗೆ ತಿಳಿಯುತ್ತಿತ್ತಂತೆ. “ನಂಗೇನೂ ವಾಸನೆ ಬರಲ್ಲಪ್ಪ” ಎನ್ನುತ್ತಿದ್ದರಂತೆ ಅವರು. ಮೂಗಿನ ಗುಣವೇ ಅದು. ದಿನವೆಲ್ಲ ಜೊತೆಗಿದ್ದದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ತಂದ ಸೋಪಿನ ಖಾಲಿ ಪೆಟ್ಟಿಗೆಗಳನ್ನು ಅತ್ತೆ ಎಸೆಯದೆ ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ಮಾವನವರು ಹೋದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ. ಗಂಧ, ಹರಳೆಣ್ಣೆ, ಇನ್ನೊಂದು ಯಾವುದೋ ಘಾಟು ಸೇರಿ ಅತ್ತೆಯ ವಾಸನೆ. ಅವರು ಹಿಂದೆ ಬಂದು ನಿಂತರೆ ತಿರುಗದೆಯೇ ನನಗೆ ತಿಳಿಯುತ್ತಿತ್ತು, ತಿಳಿದು ಕೈಕಾಲು ಬಿಗಿಯಾಗುತ್ತಿತ್ತು.

ಹದಿಮೂರನೆಯ ದಿನ ಮುಗಿದ ಮೇಲೆ ನಾದಿನಿಯರು ಫೋನಿನಲ್ಲಿ, “ಅತ್ತಿಗೆ, ಅಮ್ಮನ ಸೀರೆ ಏನ್ಮಾಡೋಣ?” ಎಂದು ಕೇಳಿದರು. ಲಾಕ್‌ಡೌನ್ ಮುಗಿಯಲಿ ಎಂದೆ. ಮುಗಿಯಿತು, ಮಳೆಗಾಲ ಕಳೆಯಲಿ ಎಂದೆ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಬಾಗಿಲು ತೆಗೆದಷ್ಟೂ ವಾಸನೆ ಹೊರಗೆ ಹೋಗುತ್ತದೆ, ನನ್ನ ಮೂಗು ಬರುವುದರೊಳಗೆ ಅದು ಹೊರಟುಹೋದರೆ? ಅತ್ತಿಗೆಗೆ ಸೀರೆಯ ಆಸೆ ಎಂದು ಅವರು ಅಂದುಕೊಂಡಿರಬಹುದು. ಇದನ್ನು ಯಾರಿಗೆ ಯಾವ ಬಾಯಿಂದ ಹೇಳಲಿ?

ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೆಯ ತರಗತಿಗಳು ತೆರೆದವು. ನನ್ನ ಶಾಲೆ ಕೆಂಗೇರಿಯಲ್ಲಿ. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ವೃಷಭಾವತಿಯನ್ನು ನದಿ ಎಂದು ಕರೆಯುವುದು ಚರಿತ್ರೆಯ ಮೇಷ್ಟರುಗಳು ಮಾತ್ರ. ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟಿ, ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಊರಿನ ಕೊಳಚೆಯನ್ನೆಲ್ಲ ಹೊತ್ತು, ಕೆಂಗೇರಿಗೆ ಬರುವಾಗ ಅದು ಕೆಂಗೇರಿ ಮೋರಿ. ಅಲ್ಲಿ ಬಸ್ಸಿನಲ್ಲಿ ಹೆಂಗಸರೆಲ್ಲ ಮಾಸ್ಕಿನ ಮೇಲೆ ಸೆರಗನ್ನೂ ಒತ್ತಿಕೊಂಡರೆ ನಾನೊಬ್ಬಳು ಕಿಟಕಿಯಾಚೆ ನೋಡುತ್ತ ಹಾಯಾಗಿ ಕುಳಿತಿರುತ್ತಿದ್ದೆ. ಪಕ್ಕದಾಕೆ ಪುಣ್ಯವಂತೆ ಎಂದರು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಫಿಯ ವಾಸನೆ ಬಂತು ಎಂದುಕೊಂಡು ಹಿಗ್ಗಿ ಲೋಟ ಎತ್ತಿದೆ. ಟೈರು ಸುಟ್ಟ ನಾತ! ಈರುಳ್ಳಿ, ಬೆಳ್ಳುಳ್ಳಿ, ಹುರಿದ ರವೆ ಎಲ್ಲ ಅದೇ ನಾತ. ಏನೂ ಇಲ್ಲದಿದ್ದಾಗ ಊಟ ಹೇಗೋ ಇಳಿಯುತ್ತಿತ್ತು, ಈಗ ವಾಂತಿ. ವಿಜಯನಗರದ ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಮಾತ್ರ ಇದು ಒಳ್ಳೆಯ ಸೂಚನೆ ಎಂದರು. ವೈರಸ್ಸು ಸಾಮಾನ್ಯವಾಗಿ ಮೊದಲು ಹಿಡಿಯುವುದು ವಾಸನೆಯ ನರಗಳನ್ನಲ್ಲ, ಆ ನರಗಳ ಚಾಕರಿ ಮಾಡುವ ಸುತ್ತಲಿನ ಕೋಶಗಳನ್ನು. ಕೆಲಸದವಳು ಬರದ ಮನೆಯಂತೆ ಎಲ್ಲ ನಿಂತುಹೋಗುತ್ತದೆ. ಕೆಲವರಲ್ಲಿ ನರಗಳೂ ಸಾಯುತ್ತವೆ. ಆದರೆ ಮೂಗಿನಲ್ಲಿ ಹೊಸ ನರಗಳು ಹುಟ್ಟುತ್ತವೆ. ಹುಟ್ಟಿದವು ಮಿದುಳಿನಲ್ಲಿ ತಮ್ಮ ಜಾಗ ಹುಡುಕಿಕೊಳ್ಳಬೇಕು. ವಾಸನೆ ಹಿಡಿಯುವ ಗ್ರಾಹಕಗಳಲ್ಲಿ ಮನುಷ್ಯರಿಗೆ ಸುಮಾರು 400 ಬಗೆ. ಇವನ್ನು ಗುರುತಿಸಿದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನಾನೂರು ಬಗೆಯ ತಂತಿ ಎಂದ ಮೇಲೆ ತಪ್ಪು ಜೋಡಣೆಯಾಗದೆ ಇರುತ್ತದೆಯೇ? ಹಿಂದೆ ಮಲ್ಲೇಶ್ವರಕ್ಕೆ ಫೋನು ತಿರುಗಿಸಿದರೆ ಚಾಮರಾಜಪೇಟೆಯವರು ಹಲೋ ಎನ್ನುತ್ತಿರಲಿಲ್ಲವೇ, ಹಾಗೆ.

ಔಷಧವೆಂದು ಅವರು ಕೊಟ್ಟದ್ದು ಮನೆಪಾಠ. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಜೊತೆಗಾರರು 2009ರಲ್ಲಿ, ಕೋವಿಡ್‌ಗೆ ಎಷ್ಟೋ ಮುಂಚೆ, ಪ್ರಕಟಿಸಿದ ಕ್ರಮ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಬೇಕು, ಹನ್ನೆರಡು ವಾರ. ಎಲ್ಲರಿಗೂ ಗುಣವಾಗುತ್ತದೆಂದೇನಿಲ್ಲ, ಸುಮ್ಮನಿದ್ದವರಿಗಿಂತ ಮಾಡಿದವರಿಗೆ ಹೆಚ್ಚು ಫಲ. ಬರೀ ಮೂಸಿದರೆ ಸಾಲದು, ಅದರ ನೆನಪನ್ನೂ ಕರೆಯಿರಿ ಎಂದರು ಡಾಕ್ಟರಮ್ಮ. ದೇವರ ಗೂಡಿನ ಪಕ್ಕದಲ್ಲಿ ನಾಲ್ಕು ಡಬ್ಬಿ ಜೋಡಿಸಿದೆ. ಐದನೆಯದಾಗಿ ನಾನೇ ಒಂದು ಗಂಧದ ಸೋಪು ಸೇರಿಸಿದೆ.

ನಿಂಬೆ ಐದನೆಯ ವಾರಕ್ಕೆ ಬಂತು, ದೂರದಲ್ಲಿ ಯಾರೋ ಕರೆದ ಹಾಗೆ. ಲವಂಗ ಆಮೇಲೆ. ಸೋಪು ಮಾತ್ರ ಕೂದಲು ಸುಟ್ಟಂತೆಯೇ ಇತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ನಾಯಂಡಹಳ್ಳಿ ದಾಟಿದ ಬಸ್ಸಿನಲ್ಲಿ ಮಾಸ್ಕು ತೂರಿಕೊಂಡು ಏನೋ ಮೂಗಿಗೆ ಬಡಿಯಿತು. ಹೊಟ್ಟೆ ತೊಳಸುವ, ಕೊಳೆತ, ಹದಿನಾರಾಣೆ ನಾತ. ವೃಷಭಾವತಿ! ಸೆರಗು ಮುಚ್ಚಿಕೊಳ್ಳುವ ಬದಲು ಮಾಸ್ಕನ್ನೇ ಕೆಳಗೆಳೆದು ಎದೆ ತುಂಬ ಎಳೆದುಕೊಂಡೆ. ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿ, “ರೀ, ಮೋರಿ ವಾಸನೆ ಬಂತು” ಎಂದೆ. ಅವರಿಗೆ ಗಂಟಲು ಕಟ್ಟಿತು. ಪಕ್ಕದಾಕೆ ಸ್ವಲ್ಪ ಸರಿದು ಕುಳಿತರು.

ಆ ಹೊತ್ತಿಗೆ ಅವರೆಕಾಯಿಯ ಕಾಲ. ಅವರೆಯಲ್ಲಿ ಸೊಗಡು ಇದೆಯೋ ಇಲ್ಲವೋ ಎಂದು ಮೂಸಿಯೇ ಕೊಳ್ಳುವ ಊರು ನಮ್ಮದು. ಎರಡು ಕಿಲೋ ಸುಲಿದು ಕೈ ಮೂಸಿದೆ, ಅರ್ಧಂಬರ್ಧ. ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ ಸುಲಿದಾಗ ಕೈ ತೊಳೆದ ಮೇಲೂ ಸೊಗಡು ಬೆರಳಲ್ಲಿ ನಿಂತಿತ್ತು. ಅದೇ ವಾರ ಸೋಪು ಸೋಪಿನಂತಾಯಿತು. ಈ ಕಾಫಿಯೊಂದು ಈವರೆಗೂ ಪೂರ್ತಿ ಹಳೆಯ ಕಾಫಿಯಾಗಿಲ್ಲ.

2022ರ ಫೆಬ್ರವರಿಯ ಒಂದು ಭಾನುವಾರ, ಮನೆಯಲ್ಲಿ ಯಾರೂ ಹತ್ತಿರವಿಲ್ಲದಾಗ, ಬೀರು ತೆಗೆದೆ. ಮೊದಲು ನುಸಿಗುಳಿಗೆ. ಅದರ ಹಿಂದೆ ಸೋಪಿನ ಪೆಟ್ಟಿಗೆಗಳ ಗಂಧ. ಅಷ್ಟೇ. ಅದು ಕಾರ್ಖಾನೆಯ ವಾಸನೆ, ಅಂಗಡಿಯಲ್ಲೂ ಸಿಗುವಂಥದ್ದು. ಒಂದೊಂದೇ ಸೀರೆ ಎತ್ತಿ ಮುಖಕ್ಕೆ ಹಿಡಿದೆ. ಹರಳೆಣ್ಣೆ ಇದೆಯೋ ನಾನೇ ಕಲ್ಪಿಸಿಕೊಂಡೆನೋ ತಿಳಿಯಲಿಲ್ಲ. ಕೆಳಗಿನ ಸಾಲಿನಲ್ಲಿದ್ದ ಒಂದು ಪೆಟ್ಟಿಗೆ ಖಾಲಿಯಿರಲಿಲ್ಲ. ಒಳಗೆ ಬೆರಳುದ್ದದ ತಗಡಿನ ಡಬ್ಬಿ. ಮುಚ್ಚಳ ಎಬ್ಬಿಸಿದೆನೋ ಇಲ್ಲವೋ ಘಾಟು ಎದ್ದಿತು. ನಶ್ಯ! ನಶ್ಯದ ಅಭ್ಯಾಸ ನನಗಿಲ್ಲವೆಂದು ಇಪ್ಪತ್ತೇಳು ವರ್ಷ ಮುಖ ಬಿಗಿದುಕೊಂಡು ಹೇಳಿದ್ದ ನಮ್ಮ ಅತ್ತೆ! ಆ ಮೂರನೆಯ ಘಾಟು ಯಾವುದೆಂದು ಆಗ ತಿಳಿಯಿತು. ಸೀನುವುದಕ್ಕೆ ವಾಸನೆ ಬರಲೇಬೇಕೆಂದಿಲ್ಲ, ಮೂಗು ಉರಿದರೆ ಸಾಕು. ಆದರೆ ನನಗೆ ವಾಸನೆಯೂ ಬಂದಿತ್ತು. ನಾಲ್ಕು ಸಲ ಸೀನಿದೆ.

“ಅಮ್ಮಾ, ಮತ್ತೆ ಶೀತಾನಾ?” ಎಂದು ಮಗಳು ಗಾಬರಿಯಿಂದ ಮಹಡಿಯಿಂದ ಕೂಗಿದಳು.

“ಇಲ್ಲ ಕಣೇ, ನಿಮ್ಮಜ್ಜಿ” ಎಂದೆ.

ಮುಂದಿನ ವಾರ ನಾದಿನಿಯರು ಬಂದು ಸೀರೆ ಹಂಚಿಕೊಂಡರು. ನಾನು ಒಂದು ನೂಲಿನ ಸೀರೆ ಇಟ್ಟುಕೊಂಡೆ. ಡಬ್ಬಿಯ ವಿಷಯ ಅವರಿಗೆ ಹೇಳಿಲ್ಲ.