ಹದ ಎಂಬ ಮಾತು

ಮೂವತ್ತು ವರುಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು 'ಹದ' ಎಂಬ ಶಬ್ದವನ್ನು ಎಷ್ಟು ಸಲ ವಿವರಿಸಿರುವೆನೋ ಲೆಕ್ಕವಿಲ್ಲ. ಮಣ್ಣಿನ ಹದ, ಪಾಕದ ಹದ, ಮಾತಿನ ಹದ. ಅದರ ಅರ್ಥ ನನಗೆ ಹೊಳೆದದ್ದು ಮಾತ್ರ ನಿವೃತ್ತಿಯ ತರುವಾಯ, ಜಯಲಕ್ಷ್ಮಿಪುರಂನ ನಮ್ಮ ಹಿತ್ತಿಲಲ್ಲಿ, ಕಾದ ಚೂರಿಯೊಂದನ್ನು ನೀರಿಗೆ ಅದ್ದಿದ ದಿನ. 'ಟಿಣ್' ಎಂದು ಸದ್ದಾಯಿತು. ಎಂಟು ದಿನ ಅರ ಹಾಕಿ ತಿದ್ದಿದ್ದ ಅಲಗು ಬೆನ್ನಿನಿಂದ ಬಾಯಿಯವರೆಗೆ ಸೀಳಿತ್ತು.

ಚೂರಿ ಮಾಡುವ ಈ ಹವ್ಯಾಸಕ್ಕೆ ಮನೆಯವರು ನಕ್ಕದ್ದುಂಟು. ಆದರೆ ಮೇಷ್ಟರ ಹವ್ಯಾಸವನ್ನು ಕಂಡು ಮೈಸೂರಿನವರು ನಗಬಾರದು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ಪ್ರಸಾರದಿಂದಲೇ ಅಲ್ಲವೇ, ನಾನೀಗ ಮಾತನಾಡುತ್ತಿರುವ ಈ ಬಾನುಲಿಯ ಕಥೆ ಮೊದಲಾದದ್ದು!

ಒಡೆದ ಅಲಗನ್ನು ಹುಣಸೂರು ರಸ್ತೆಯಲ್ಲಿ ಕುಲುಮೆ ಇಟ್ಟುಕೊಂಡಿರುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಲಾರಿ ಪಟ್ಟಿ ನೀರಿಗೆ ತಡ್ಯಾಕಿಲ್ಲ ಮೇಷ್ಟ್ರೇ, ಎಣ್ಣೆಗೆ ಬುಡ್ಬೇಕು. ಹದ ತಪ್ತು" ಎಂದರು. ಅವರಿಗೆ ಅದು ಉಪಮಾನವಲ್ಲ, ಕೈಗೆ ಸಿಕ್ಕುವ ವಸ್ತು.

ಅಂದಿನಿಂದ ನಾನು ಉಕ್ಕಿನ ಚರಿತ್ರೆಯನ್ನು ಓದತೊಡಗಿದೆ. ಓದಿದಷ್ಟೂ ಕಥೆ ನಮ್ಮ ಸೀಮೆಗೇ ಬಂದು ನಿಂತಿತು. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಲಂಡನ್ನಿನ ಜೋಸೆಫ್ ಬ್ಯಾಂಕ್ಸರಿಗೆ ಒಂದು ಲೋಹದ ಮಾದರಿಗಳನ್ನು ಕಳುಹಿಸಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದರು. ಅದಕ್ಕೆ ಅವರು ಬಳಸಿದ ಹೆಸರು 'ವೂಟ್ಸ್'. ಇದು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ತೆಲುಗಿನಲ್ಲಿಯೂ ಅದೇ ಶಬ್ದವಿರುವುದರಿಂದ ಕನ್ನಡಿಗರಾದ ನಾವು ಒಂಟಿಯಾಗಿ ಬೀಗುವಂತಿಲ್ಲ. ತಮಿಳಿನಲ್ಲಿ ಉಕ್ಕಿಗೆ 'ಉರುಕ್ಕು' ಎನ್ನುತ್ತಾರೆ. 'ಉರುಕು' ಎಂದರೆ ಕರಗು. ಹಳೆಯ ಕುಲುಮೆಗಳಲ್ಲಿ ಅದಿರಿನಿಂದ ತೆಗೆದ ಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ, ಮೆದುವಾದ ಮುದ್ದೆಯಾಗುತ್ತಿತ್ತು. ಕರಗುತ್ತಿದ್ದುದು ಮೂಸೆಯಲ್ಲಿಟ್ಟ ಉಕ್ಕು. ಹೀಗೆ ಲೋಹದ ತಯಾರಿಕೆಯ ಗುಟ್ಟು ಅದರ ಹೆಸರಿನೊಳಗೇ ಕುಳಿತಿದೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ನಮ್ಮ ನಾಡನ್ನು ಸುತ್ತಿದ. ಮಾಗಡಿ ಸೀಮೆಯಲ್ಲಿ ಉಕ್ಕು ಮಾಡುವುದನ್ನು ಅವನು ಬರೆದಿಟ್ಟಿರುವ ರೀತಿಯನ್ನು ಮೆಚ್ಚಬೇಕು. ಹಸಿ ಜೇಡಿಯ ಮೂಸೆ. ಅದರೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಬಳ್ಳಿಯೊಂದರ ಎರಡು ಹಸಿರೆಲೆ. ಮೇಲೆ ಜೇಡಿಯ ಮುಚ್ಚಳ. ಮುಚ್ಚಿದ ಮೂಸೆಯಲ್ಲಿ ಕಡ್ಡಿ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣದೊಳಗೆ ಸೇರುತ್ತದೆ. ಸೇರಿದಷ್ಟೂ ಕಬ್ಬಿಣ ಕಡಿಮೆ ಶಾಖದಲ್ಲಿ ಕರಗುತ್ತದೆ. ಚನ್ನಪಟ್ಟಣದಲ್ಲಿ ಆಗ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದರು. ದೂರದ ನಾಡುಗಳಿಗೂ ಅದು ಹೋಗುತ್ತಿತ್ತು. ಕತ್ತಿಯ ಬಾಯಿ ಮತ್ತು ವೀಣೆಯ ನಾದ ಎರಡಕ್ಕೂ ಒಂದೇ ತವರು!

ಬುಕಾನನ್ ಎಲೆಯನ್ನೂ ಎಣಿಸಿದ. ಆದರೆ ಮೂಸೆಯನ್ನು ಯಾವ ಕ್ಷಣಕ್ಕೆ ಹೊರಗೆ ತೆಗೆಯಬೇಕೆಂಬುದು ಆ ಕಮ್ಮಾರರ ಕಣ್ಣಿನಲ್ಲಿತ್ತು. ಅದು ದಿನಚರಿಗೆ ಇಳಿಯಲಿಲ್ಲ. 1819ರಲ್ಲಿ ವೂಟ್ಸನ್ನು ಪರಿಶೀಲಿಸಿದ ಮೈಕೇಲ್ ಫ್ಯಾರಡೆ ಸ್ವತಃ ಕಮ್ಮಾರನ ಮಗ. ಚೂರಿ ತಯಾರಕ ಸ್ಟೋಡಾರ್ಟ್ ಅವನ ಜೊತೆಗಾರ. ಅಲ್ಯೂಮಿನಿಯಂ ಮತ್ತು ಸಿಲಿಕದ ಅಂಶದಿಂದ ಅದರ ಗುಣ ಬಂದಿದೆಯೆಂದು ಫ್ಯಾರಡೆ ಭಾವಿಸಿದ್ದು ತಪ್ಪಾಗಿತ್ತು. ಮುಂದೆ ಕಾರ್ಖಾನೆಗಳ ಅಗ್ಗದ ಉಕ್ಕು ಬಂದು ನಮ್ಮ ಮೂಸೆಗಳು ಆರಿದವು. ಅಂಥ ಅಲಗುಗಳ ಮೇಲಿನ ಅಲೆಯಂಥ ಗೆರೆಗಳಿಗೆ ವನೇಡಿಯಂನಂಥ ಲೋಹಗಳ ಅತ್ಯಲ್ಪ ಅಂಶವೇ ಕಾರಣವೆಂದು 1998ರಲ್ಲಿ ವಿವರಿಸಿದವರಲ್ಲಿ ಅಮೆರಿಕದ ಪ್ರಾಧ್ಯಾಪಕ ವರ್ಹೋವನ್ ಒಬ್ಬರು. ಅವರ ಸಂಗಡ ಇದ್ದ ಪೆಂಡ್ರೆ, ಕುದುರೆಗೆ ಲಾಳ ಕಟ್ಟುತ್ತ ಚೂರಿ ಬಡಿಯುತ್ತಿದ್ದವರು. ಆ ಜೋಡಿಯ ವಿಷಯ ಓದಿದಾಗ ನನಗೆ ಸಮಾಧಾನವಾಯಿತೆಂದರೆ ಅಹಂಕಾರವೆನ್ನಬೇಡಿ.

ನನ್ನ ಎರಡನೆಯ ಚೂರಿಗೆ ಆ ಹಿರಿಯರೇ ಪಕ್ಕದಲ್ಲಿ ನಿಂತರು. ಬಿಸಿಲಿನಲ್ಲಿ ಬೆಂಕಿಯ ಬಣ್ಣ ಮೋಸ ಮಾಡುತ್ತದೆಂದು ಸಂಜೆಯವರೆಗೆ ಕಾಯಿಸಿದರು. ಅಲಗು ಕೆಂಪಗಾದಾಗ ನಾನು ಇಕ್ಕಳಕ್ಕೆ ಕೈಹಾಕಿದೆ; "ಇನ್ನೂ" ಎಂದರು. ಮತ್ತೊಮ್ಮೆ "ಇನ್ನೂ". ಮೂರನೆಯ ಸಲ ಮಾತಿಲ್ಲದೆ ತಲೆಯಾಡಿಸಿದರು. ಎಣ್ಣೆಗೆ ಬಿಟ್ಟು, ಉಜ್ಜಿ, ಮತ್ತೆ ಮೆಲ್ಲನೆ ಕಾಯಿಸಿದಾಗ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಓಡಿ ಬಂದಿತು. ಅಲ್ಲಿಗೆ ನಿಲ್ಲಿಸಿದೆವು. ಬೀಟೆಯ ಹಿಡಿ ಹಾಕಿದ್ದೇನೆ. ಅಡುಗೆಮನೆಯಲ್ಲಿ ಅದೀಗ ತೊಂಡೆಕಾಯಿ ಹೆಚ್ಚುತ್ತಿದೆ. ನಕ್ಕವರೇ ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಅಂದು ಕುಲುಮೆ ಆರುವ ಹೊತ್ತಿಗೆ ಅವರನ್ನು ಕೇಳಿದೆ: ಉಕ್ಕಿಗೆ ತಂಗಡಿ ಕಡ್ಡಿ ಹಾಕುತ್ತಿದ್ದರಂತೆ, ಹಿರಿಯರಿಂದ ಏನಾದರೂ ಕೇಳಿದ್ದೀರಾ? ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ತಂಗಡಿ ಚಕ್ಕೆ ಚರ್ಮ ಹದ ಮಾಡಾಕೆ ಅಂತ ಗೊತ್ತು ಮೇಷ್ಟ್ರೇ. ಉಕ್ಕಿಗೆ ಅಂತ ಕೇಳಿಲ್ಲ."