‘ದಿಯಾ’ ಹಣ ಕೊಟ್ಟರೆ ಕೊಲೆ ಕೇಸು ಮುಗಿಯುತ್ತದೆಯೇ?

‘ಸತ್ತವರ ಮನೆಯವರಿಗೆ ಹಣ ಕೊಟ್ಟರೆ ಇಸ್ಲಾಮಿಕ್ ಕಾನೂನಿನಲ್ಲಿ ಕೊಲೆ ಮಾಫಿ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧಸತ್ಯ.

ಈ ಪರಿಹಾರದ ಹೆಸರು ದಿಯಾ. ಕುರಾನ್‌ನ 4ನೇ ಅಧ್ಯಾಯದ 92ನೇ ವಚನ ಇದನ್ನು ಹೇಳಿರುವುದು ಕೈತಪ್ಪಿ ಆದ ಸಾವಿಗೆ. ಬೇಕೆಂದೇ ಮಾಡಿದ ಕೊಲೆಯಲ್ಲಿ ಹಣ ಒಪ್ಪುವುದು, ಬಿಡುವುದು ಸತ್ತವರ ವಾರಸುದಾರರ ಇಷ್ಟ. ಅದು ಕೊಂದವನ ಹಕ್ಕಲ್ಲ.

ಸೌದಿ ಜೈಲಿನಲ್ಲಿದ್ದ ಕೇರಳದ ಒಬ್ಬರಿಗಾಗಿ 2024ರಲ್ಲಿ ಜನ ಸುಮಾರು 34 ಕೋಟಿ ರೂಪಾಯಿ ಕೂಡಿಸಿದರು. ಮರಣದಂಡನೆ ರದ್ದಾಯಿತು. ಆದರೂ 2025ರಲ್ಲಿ ಕೋರ್ಟ್ 20 ವರ್ಷ ಜೈಲು ವಿಧಿಸಿತು.

ಭಾರತದಲ್ಲಿ ಇದು ನಡೆಯುತ್ತದೆಯೇ? ಇಲ್ಲ. ಬಸವಕಲ್ಯಾಣವಾಗಲಿ, ಹುಮನಾಬಾದ್ ಆಗಲಿ, ಕ್ರಿಮಿನಲ್ ಕಾನೂನು ಎಲ್ಲ ಧರ್ಮದವರಿಗೂ ಒಂದೇ. ಊರ ಹಿರಿಯರು ಹಣ ಕೊಡಿಸಿ ರಾಜಿ ಮಾಡಿಸಿದರೂ ಕೊಲೆ ಕೇಸು ಮುಗಿಯುವುದಿಲ್ಲ.

ಹಾಗಾದರೆ ಕುಟುಂಬಕ್ಕೆ ಪರಿಹಾರವೇ ಇಲ್ಲವೇ? ಇದೆ. ಕೊಲೆಯಾದವರನ್ನೇ ನಂಬಿದ್ದ ಮನೆಯವರು ಬೀದರ್‌ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆಯೂ ಇದೆ. ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಫಾರ್ವರ್ಡ್ ಮಾಡುವುದಿದ್ದರೆ ಈ ಮಾಹಿತಿಯನ್ನು ಮಾಡಿ. ಯಾರಿಗೋ ಉಪಯೋಗಕ್ಕೆ ಬಂದೀತು.