ಆಲಿಕಲ್ಲಿಗೆ ಲೆಕ್ಕವಿಟ್ಟವರಾರು?

ರಾಯದುರ್ಗ, ಮಡಕಶಿರಾ ಸೀಮೆಗಳ ಇತಿಹಾಸವೆಂದೊಡನೆ ನಮಗೆ ರಾಯದುರ್ಗದ ಕೋಟೆಯೂ ಹೇಮಾವತಿಯ ನೊಳಂಬರ ಗುಡಿಗಳೂ ನೆನಪಾಗುತ್ತವೆ. ಕಲ್ಲಿನಲ್ಲಿ ನಿಂತುದು ಉಳಿಯಿತು. ಆದರೆ ಆಕಾಶದಿಂದ ಬಿದ್ದು ಗಳಿಗೆಯೊಳಗೆ ಕರಗಿಹೋಗುವ ಕಲ್ಲಿನ ಚರಿತ್ರೆಯನ್ನು ಬರೆದವರಾರು?

ವರ್ಷಕ್ಕೆ ಸುಮಾರು 22 ಅಂಗುಲ ಮಳೆಯಷ್ಟೇ ಕಾಣುವ ಈ ಬರಸೀಮೆಯಲ್ಲಿ ಮಂಜುಗಡ್ಡೆ ಬೀಳುವುದು ಸೋಜಿಗವೆನಿಸಬಹುದು. ಬಿಸಿಲೇ ಅದಕ್ಕೆ ಕಾರಣ. ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಕಾದ ನೆಲದಿಂದ ಮೇಲೇರುವ ಗಾಳಿಯು ತೇವವನ್ನು ಬಹು ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹನಿಯು ಗಾಳಿಯ ಆಸರೆಯಲ್ಲಿ ಪದರಪದರವಾಗಿ ಬೆಳೆದು, ಭಾರ ತಾಳಲಾರದಾದಾಗ ನೆಲಕ್ಕಿಳಿಯುತ್ತದೆ. ಒಂದು ಊರಿನ ವೀಳ್ಯದೆಲೆಯ ತೋಟ ಚಿಂದಿಯಾದಾಗ ಪಕ್ಕದ ಊರಿನಲ್ಲಿ ತುಂತುರೂ ಇಲ್ಲದಿರುವುದುಂಟು. ನಾಡಹೆಂಚಿನ ಮನೆ ಬಯಲಾಗುತ್ತದೆ. ಮಣ್ಣಿನ ಮಾಳಿಗೆ ಕಲ್ಲಿನ ಪೆಟ್ಟನ್ನು ತಾಳಿದರೂ ಬೆನ್ನಹಿಂದೆಯೇ ಬರುವ ಮಳೆಗೆ ಸೋರುತ್ತದೆ.

ಹೀಗೆ ಕಿರಿದಾದ ಪಟ್ಟಿಯಲ್ಲಿ ಬೀಳುವುದರಿಂದಲೇ ಆಲಿಕಲ್ಲು ಇತಿಹಾಸದಿಂದ ತಪ್ಪಿಸಿಕೊಂಡಿತು. 1800ರಲ್ಲಿ ಈ ಸೀಮೆಯು ಕಂಪನಿಯ ವಶವಾಗಿ, ಥಾಮಸ್ ಮನ್ರೋ 1807ರವರೆಗೆ ಮುಖ್ಯ ಕಲೆಕ್ಟರರಾಗಿದ್ದರು. ಅಂದಿನಿಂದ ಬೆಳೆದ ಕಂದಾಯದ ದಫ್ತರದಲ್ಲಿ ಜಿಲ್ಲೆಯನ್ನೇ ನಡುಗಿಸಿದ ವಿಪತ್ತುಗಳಿಗೆ ಸ್ಥಳ ದೊರೆಯಿತು. ಅನಂತಪುರವೂ ಬಳ್ಳಾರಿ ಜಿಲ್ಲೆಯೊಳಗಿದ್ದ 1851ರಲ್ಲಿ ಬಿರುಗಾಳಿಯೊಂದು ಬೀಸಿ ಕೆರೆಕಟ್ಟೆಗಳನ್ನು ಹಾಳುಗೆಡವಿತು. 1876-78ರ ಬರವನ್ನಂತೂ ಮರೆಯುವಂತಿಲ್ಲ. ಆಲಿಕಲ್ಲಾದರೋ ಪ್ರಾಣಹಾನಿಯಾದಾಗ ಮಾತ್ರ ಜಗತ್ತಿನ ಕಣ್ಣಿಗೆ ಬಿದ್ದಿತು: 1888ರ ಏಪ್ರಿಲ್ 30ರಂದು ಉತ್ತರದ ಮೊರಾದಾಬಾದಿನಲ್ಲಿ 246 ಜನರು ಅದಕ್ಕೆ ಬಲಿಯಾದರು. ಹೆಂಚು ಒಡೆದ ಮನೆ, ಎಲೆಯುದುರಿದ ತೋಟ ಶ್ಯಾನುಭೋಗರ ಲೆಕ್ಕದಲ್ಲಿ ಕಂದಾಯದ ಮಾಫಿಯಾಗಿ ಕಂಡರೆ ಅದೇ ಹೆಚ್ಚು.

ಇದಕ್ಕೆ ಗಡಿಯ ಕಷ್ಟವೂ ಸೇರಿತು. 1882ರಲ್ಲಿ ಅನಂತಪುರ ಜಿಲ್ಲೆಯು ಬೇರೆಯಾದಾಗ ಮಡಕಶಿರಾ ಅದರ ಪಾಲಾಯಿತು. ರಾಯದುರ್ಗವು ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದಂತೆಲ್ಲ ಹಳೆಯ ಕಾಗದಗಳನ್ನು ಹುಡುಕಬೇಕಾದ ಕಚೇರಿಯೂ ಬದಲಾಯಿತು. ದಫ್ತರದ ಭಾಷೆ ಒಂದು, ಮನೆಯ ಮಾತು ಮತ್ತೊಂದಾಯಿತು. ಮೋಡಕ್ಕೆ ಮಾತ್ರ ಈ ಎಲ್ಲೆಗಳಾವುವೂ ತಿಳಿಯವು.

ಇದು ಗತಕಾಲದ ಕುತೂಹಲವಷ್ಟೇ ಅಲ್ಲ. ಇಂದು ಸರ್ಕಾರದ ಪರಿಹಾರಕ್ಕೆ ಅರ್ಹವಾದ ವಿಕೋಪಗಳಲ್ಲಿ ಆಲಿಕಲ್ಲೂ ಒಂದು. ಬೆಳೆಯಲ್ಲಿ ನೂರಕ್ಕೆ 33 ಪಾಲಾದರೂ ನಷ್ಟವಾಗಿರಬೇಕೆಂಬುದು 2015ರಿಂದ ಬಂದ ನಿಯಮ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆಯಾದ ಬೆಳೆಗೆ ಆಲಿಕಲ್ಲಿನ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಕಲ್ಲು ಗಳಿಗೆಯಲ್ಲಿ ಕರಗುತ್ತದೆ. ಸಾಕ್ಷಿ ಉಳಿಯುವುದು ಬರೆದಿಟ್ಟವನ ಬಳಿಯಲ್ಲಿ ಮಾತ್ರ.

ಆದುದರಿಂದ ಗಡಿನಾಡ ಬಾಂಧವರಲ್ಲಿ ನಮ್ಮದೊಂದು ವಿಜ್ಞಾಪನೆ. ಆಲಿಕಲ್ಲು ಬಿದ್ದ ದಿನ, ವೇಳೆ, ಊರು, ಹೊಲದ ಸರ್ವೆ ನಂಬರು, ಒಡೆದ ಹೆಂಚು, ಕೆಟ್ಟ ಬೆಳೆ—ಇವನ್ನು ಊರಿಗೊಂದು ಪುಸ್ತಕದಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದಿಡೋಣ. ಹಿರಿಯರ ನೆನಪಿನಲ್ಲಿರುವುದನ್ನು ಅವರಿರುವಾಗಲೇ ಕೇಳಿಕೊಳ್ಳೋಣ. ಕೋಟೆಯ ಕಲ್ಲು ತನ್ನ ಕಥೆಯನ್ನು ತಾನೇ ಹೇಳೀತು. ಕರಗುವ ಕಲ್ಲಿನ ಕಥೆಯನ್ನು ನಾವೇ ಹೇಳಬೇಕು.